ಚಿಪ್ಪಿನ ಹೊದಿಕೆ

ಮೀನಾಕ್ಷಿ ನಲ್ಲಿಯಿಂದ ನೀರು ತಂದು ಹೊಸಿಲು ದಾಟುವಷ್ಟರಲ್ಲಿ ಅವಳ ಅತ್ತೆ ಓಬವ್ವ ಹೊದಿಕೆಯ ಕೊನೆಯ ಸಾಲನ್ನೂ ಬಿಚ್ಚಿ ಮುಗಿಸಿದ್ದಳು. ಮೂರು ವಾರ ಕಣ್ಣು ಉರಿಸಿಕೊಂಡು ಕ್ರೋಶಾ ಕಡ್ಡಿಯಲ್ಲಿ ಹೆಣೆದ ಹೊದಿಕೆ. ಒಂದೇ ತೂತಿನಲ್ಲಿ ಐದು ಹೆಣಿಕೆ ಹಾಕಿ ಬೀಸಣಿಗೆಯಂತೆ ಬಿಡಿಸಿದರೆ ಒಂದು ಚಿಪ್ಪು. ಅಂಥ ಚಿಪ್ಪುಗಳ ಅರವತ್ತು ಸಾಲು ಈಗ ಓಬವ್ವನ ಕೈಯಲ್ಲಿ ಒಂದು ದಾರದುಂಡೆ. ಕುರಿ ಉಣ್ಣೆಯ ನೂಲು ಸುತ್ತಿ ಪಳಗಿದ ಕೈ, ಉಂಡೆಯೇನೋ ಬಲು ಚಂದವಾಗಿತ್ತು.

“ಏನ್ ಮಾಡಿದ್ರಿ ಅತ್ತೆ ಇದು?”

“ಮೊದ್ಲು ಆ ಕೊಡ ಇಳಿಸು. ಇನ್ಮೇಲೆ ನೀರಿಗೆ ನಾನು ಹೋಗ್ತೀನಿ.” ಓಬವ್ವ ತಾನೇ ಎದ್ದು ಬಂದು ಸೊಸೆಯ ಸೊಂಟದಿಂದ ಕೊಡ ಇಳಿಸಿಕೊಂಡಳು. “ತೊಟ್ಟಿಲಗಲದ ಹೊದಿಕೆ ನೋಡಿದ್ರೆ ನನಗೆ ತಿಳಿಯಲ್ವಾ? ಹುಟ್ಟೋಕೆ ಮುಂಚೆ ಕೂಸಿಗೆ ಹೊಸದು ಮಾಡಿಡಬಾರ್ದು ಕಣವ್ವ, ಕೇಡು. ಹುಟ್ಟಿದ ಮೇಲೂ ಮೊದ್ಲು ಹಳೇ ಸೀರೆನೇ ಸುತ್ತಾದು. ಈಗ ಎಷ್ಟು ತಿಂಗ್ಳು?”

ಮೀನಾಕ್ಷಿಗೆ ದಿಕ್ಕೇ ತೋಚಲಿಲ್ಲ. ಹೊದಿಕೆ ಹೊಳಲ್ಕೆರೆಯ ಟೀಚರ್ ದಾಕ್ಷಾಯಿಣಿಯವರ ಮಗಳು ಬಿಂದುವಿಗೆ. ಭಾನುವಾರ ಸೀಮಂತ, ಇವತ್ತು ಶುಕ್ರವಾರ. ಮೊಬೈಲ್ ನೋಡಿ ಕಲಿತ ಕೆಲಸಕ್ಕೆ ಸಿಕ್ಕ ಮೊದಲ ಆರ್ಡರ್. ಸಿಟ್ಟು ನೆತ್ತಿಗೇರಿತು. ಆದರೆ ಮದುವೆಯಾಗಿ ಆರು ವರ್ಷದಲ್ಲಿ ಅತ್ತೆ ಒಮ್ಮೆಯೂ ಈ ಪ್ರಶ್ನೆ ಕೇಳಿರಲಿಲ್ಲ, ಇಷ್ಟು ದಿನ ಅದನ್ನು ಹೇಗೆ ಹೊಟ್ಟೆಯಲ್ಲಿಟ್ಟುಕೊಂಡಿದ್ದಳೋ. ಹಾಗಾದರೆ ಸಿಟ್ಟು ತೀರಿಸಿಕೊಳ್ಳುವುದು ಯಾರ ಮೇಲೆ? ತಾನು ಬಸುರಿಯಲ್ಲ ಎಂದು ಗೊತ್ತಿದ್ದೂ ಮೀನಾಕ್ಷಿ ಬೆರಳು ಮಡಿಸಿ ತನ್ನ ದಿನ ಎಣಿಸಿಕೊಂಡಳು. ಎಣಿಸಿದ್ದಕ್ಕೆ ಅವಳಿಗೇ ನಾಚಿಕೆಯಾಯಿತು.

ಓಬವ್ವ ಮತ್ತೆ ಕೂತು ಉಂಡೆಯನ್ನು ಮಡಿಲಿಗೆ ಹಾಕಿಕೊಂಡಳು. “ಜುಂಜೇಶಂಗೂ ಫೋನ್ ಮಾಡಿ ಹೇಳ್ಬಿಟ್ಟೆ,” ಎಂದಳು. ಮಗ ಜುಂಜೇಶ ಕುರಿ ಹೊಡೆದುಕೊಂಡು ಭದ್ರಾವತಿ ಕಡೆ ಹೋಗಿ ತಿಂಗಳಾಗಿತ್ತು. “ನಿನ್ನ ಹೆಂಡ್ತಿ ಕೂಸಿಗೆ ಹೊದಿಕೆ ಹೆಣಿತಾ ಅವ್ಳೆ ಅಂದೆ. ಆಮೇಲೆ ಮಾಡ್ತೀನಿ ಅಂತ ಇಟ್ಬಿಟ್ಟ.”

“ಅತ್ತೆ, ಆ ಹೊದಿಕೆ ನಮ್ದಲ್ಲ.”

“ಮತ್ಯಾರ್ದು?”

“ಹೊಳಲ್ಕೆರೆ ಟೀಚರ್ ಮಗಳದ್ದು. ಹೆಣೆದು ಕೊಡು ಅಂದಿದ್ರು.”

ಓಬವ್ವ ಉಂಡೆಯನ್ನು ಒಮ್ಮೆ ಒತ್ತಿ ನೋಡಿದಳು. “ಆ ಕೂಸು ಹುಟ್ಟೈತಾ?”

“ಇಲ್ಲ. ಇನ್ನೂ ಎರಡು ತಿಂಗ್ಳೈತೆ.”

“ಹಂಗಾದ್ರೆ ಬಿಚ್ಚಿದ್ದೇ ಸರಿ,” ಎಂದಳು ಓಬವ್ವ. ಆದರೆ ದನಿ ಬಿದ್ದುಹೋಗಿತ್ತು. ಅತ್ತೆಯನ್ನು ಸಮಾಧಾನ ಮಾಡುವುದೋ, ಟೀಚರಿಗೆ ತಿಳಿಸುವುದೋ, ಈಗಿಂದೀಗ ಮೊದಲ ಸಾಲು ಹಾಕಲು ಕೂರುವುದೋ ಮೀನಾಕ್ಷಿಗೆ ಗೊತ್ತಾಗಲಿಲ್ಲ. ಕ್ರೋಶಾ ಕಡ್ಡಿಯನ್ನಂತೂ ಕೈಗೆತ್ತಿಕೊಂಡಳು.

ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಜುಂಜೇಶ.

“ಏನಂತ ಹೇಳ್ಲಿ ಅತ್ತೆ?”

“ಇವತ್ತೊಂದಿನ ಆ ಖುಷಿ ಅವನಿಗೆ ಇರ್ಲಿ ಬಿಡು. ನಾಳೆ ನಾನೇ ಹೇಳ್ತೀನಿ.”

ಮೀನಾಕ್ಷಿ ಫೋನನ್ನು ಕಿವಿಗಿಟ್ಟಳು. ಆ ಕಡೆ ಕುರಿಗಳ ಗದ್ದಲ. ಜುಂಜೇಶ ಕೂಸಿನ ಮಾತು ಎತ್ತಲಿಲ್ಲ, ನಿಜವಾ ಎಂದೂ ಕೇಳಲಿಲ್ಲ.

“ಹೊದಿಕೆ ಯಾವ ಬಣ್ಣದ್ದು?” ಎಂದ.

ಅವಳು ಅತ್ತೆಯ ಮಡಿಲಲ್ಲಿದ್ದ ಉಂಡೆಯನ್ನು ನೋಡಿದಳು.

“ಹಳದಿ,” ಎಂದಳು.