ಚಿಮಣಿ ಎಣ್ಣೆಯ ಹಗ್ಗ

ಬೈಕಿನ ಚೈನ್ ತೊಳೆಯಲು ನಮ್ಮೂರಲ್ಲಿ ಚಿಮಣಿ ಎಣ್ಣೆ ಎನ್ನುವ ಸೀಮೆಎಣ್ಣೆಯ ಬಾಟಲಿ ತೆರೆದಾಗಲೆಲ್ಲ ಅಕ್ಕಿಆಲೂರಿನ ಹತ್ತಿರದ ನಮ್ಮ ಗದ್ದೆ ಮೂಗಿಗೆ ಬರುತ್ತದೆ.

ಆ ವರ್ಷ ಭತ್ತಕ್ಕೆ ಕೊಳವೆಹುಳು ಬಿದ್ದಿತ್ತು. ಎಲೆಯ ತುದಿ ಕತ್ತರಿಸಿ, ಸುರುಳಿ ಸುತ್ತಿಕೊಂಡು ಅದರೊಳಗೇ ಕೂರುವ ಹುಳು. ಅಪ್ಪ ಅವ್ವ ಚಿಮಣಿ ಎಣ್ಣೆಯಲ್ಲಿ ಅದ್ದಿದ ಹಗ್ಗದ ಎರಡು ತುದಿ ಹಿಡಿದು ಪೈರಿನ ಮೇಲೆ ಎಳೆಯುತ್ತಿದ್ದರು. ಹುಳು ನಿಂತ ನೀರಿಗೆ ಉದುರುತ್ತಿತ್ತು. ಆಮೇಲೆ ಆ ನೀರನ್ನು ಹೊರಗೆ ಬಿಡುತ್ತಿದ್ದರು. ಶಾಲೆಯ ಚರ್ಚಾಸ್ಪರ್ಧೆಯಲ್ಲಿ ಆಗಷ್ಟೇ ಗೆದ್ದಿದ್ದ ನಾನು ಬದುವಿನ ಮೇಲೆ ನಿಂತು, ಮೂಲೆಯ ಪುಟ್ಟ ಗದ್ದೆ ತುಂಡನ್ನು ತೋರಿಸಿ ಕೇಳಿದೆ: “ಹಗ್ಗದಿಂದನ ಹುಳ ಹೋಗ್ತಾವು ಅನ್ನಾಕ ಪುರಾವೆ ಏನೈತಿ? ಆ ಸಣ್ಣ ಮಡಿ ಹಂಗ ಬಿಟ್ಟು ನೋಡಪ್ಪ.”

“ಅದು ಮನಿಗೆ ಉಣ್ಣಾಕ ಇಟ್ಟ ಮಡಿ. ಈ ವಕೀಲರ ಮಾತು ಕೇಳಿ ಹಾಳು ಮಾಡ್ತೀರೇನ್ರಿ?” ಎಂದಳು ಅವ್ವ.

“ಕೇಳ್ಯಾಳ, ನೋಡ್ಲಿ ಬಿಡು,” ಎಂದ ಅಪ್ಪ.

ನಾಲ್ಕನೇ ದಿನ ಮಧ್ಯಾಹ್ನ ಉಳಿದ ಗದ್ದೆ ಹಸಿರಾಗಿತ್ತು. ಆ ಮಡಿಯ ಎಲೆಗಳು ಮಾತ್ರ ಕೆರೆದ ಹಾಗೆ ಬಿಳಿಚಿದ್ದವು.

“ಒಂದ ಮಡಿಯಿಂದ ಏನೂ ಸಾಬೀತಾಗೂದಿಲ್ಲ,” ಎಂದೆ.

ಅಪ್ಪ ನಕ್ಕು ಹಗ್ಗದ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟ. “ಆತು, ಆ ಕಡೆ ನಡಿಯವ್ವಾ. ಇನ್ನೂ ಉಳಿಸಬಹುದು.”

ಅಷ್ಟರಲ್ಲಿ ಪಕ್ಕದ ಗದ್ದೆಯ ಕಾಕಾ ಬಂದು ನಿಂತ. “ಇದೊಂದ ಮಡಿ ಯಾಕೋ ಹಿಂಗಾತು?”

ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಹೇಳಿದ: “ಹಗ್ಗ ಎಳಿಯೂದು ನನಗ ಮರ್ತ ಹೋಗಿತ್ತೋ ಮಾರಾಯ.”

ಅಪ್ಪ ಏನನ್ನೂ ಮರೆಯುವವನಲ್ಲ. ಅದಕ್ಕೆ ನನ್ನ ಬಳಿ ಬೇಕಾದಷ್ಟು ಪುರಾವೆ ಇತ್ತು. ಹಗ್ಗವನ್ನು ಬಿಗಿಯಾಗಿ ಹಿಡಿದು ಆ ಕಡೆ ನಡೆದೆ.