ಅರ್ಧ ಬಾನೆಟ್

ಬಟ್ಟೆಯನ್ನು ತಿರುಗಿಸಿ ನೋಡಿದ ಅಳಿಯನ ಎದೆ ಧಸಕ್ಕೆಂದಿತು. ಬೆಳ್ಳಗಿದ್ದ ಬಟ್ಟೆ ಕೆಂಪಾಗಿತ್ತು. ಬಾನೆಟ್ಟಿನ ಎಡ ಅರ್ಧವನ್ನು ಉಜ್ಜಿ ಮುಗಿಸುವಷ್ಟರಲ್ಲಿ ಮಾವನವರ ಕಾರಿನ ಬಣ್ಣ ಅವನ ಕೈಗೆ ಬಂದುಬಿಟ್ಟಿತ್ತು. "ಎಲ್ಲಾ ಒಂದೇ ಬಾಟಲಿ ಸಾರ್. ಕೊಳೆ ತೆಗೆಯೋದೂ ಇದೇ, ಹೊಳಪು ಕೊಡೋದೂ ಇದೇ, ಬಿಸಿಲು ಮಳೆ ತಾಗದ ಹಾಗೆ ಮೇಲೊಂದು ಪದರ ಕಟ್ಟೋದೂ ಇದೇ" ಎಂದು ಪಾಲಿಶ್ ಮಾರಿದ ಅಂಗಡಿಯವನು ಆಣೆ ಇಟ್ಟು ಹೇಳಿದ್ದ. ಬಣ್ಣ ಕೀಳುವುದೂ ಇದೇ ಎಂದು ಮಾತ್ರ ಹೇಳಿರಲಿಲ್ಲ.

ಕಾರು ಬೇರೆ ಯಾರದ್ದಾದರೂ ಆಗಿದ್ದರೆ ಮಾತು ಬೇರೆ. ಮಾವ ಗ್ಯಾರೇಜಿನಲ್ಲಿ ಪೇಂಟರ್ ಆಗಿದ್ದವರು. ಕೆಲಸ ಬಿಡುವ ಮುಂಚೆ ಕೊನೆಯದಾಗಿ ಸ್ಪ್ರೇ ಗನ್ ಹಿಡಿದು ಬಣ್ಣ ಹೊಡೆದದ್ದು ತಮ್ಮ ಈ ಹಳೇ ಕಾರಿಗೇ. ಆಮೇಲೆ ಅವರ ಕಣ್ಣಿಗೆ ಪೊರೆ ಬಂತು, ಕಾರಿನ ಕೀಲಿ ಅಳಿಯನ ಪಾಲಿಗೆ ಬಂತು. ಹೊದಿಸುವ ಕವರ್ ಹರಿದಾಗ ಹೊಸದು ತಂದರಾಯಿತು ಎಂದುಕೊಂಡವನು ಇವತ್ತಿನವರೆಗೂ ತಂದಿಲ್ಲ. ಗೇಟಿನೊಳಗೆ ಬಿಸಿಲಲ್ಲೇ ನಿಂತು ನಿಂತು ಕಾರು ಸುಣ್ಣ ಬಳಿದಂತೆ ಮಂಕಾಗಿತ್ತು. ಪಾಪ, ಅಳಿಯ ಕೆಟ್ಟವನೇನಲ್ಲ, ಸೋಮಾರಿ ಅಷ್ಟೆ.

ಆದರೆ ಸುಳ್ಳು ಹೇಳುವುದರಲ್ಲಿ ಅವನಿಗೆ ಸೋಮಾರಿತನವಿರಲಿಲ್ಲ. ಪ್ರತಿ ಸಂಜೆ ಮಾವ ಕುರ್ಚಿಯಲ್ಲಿ ಕೂತು, "ಹೇಗಿದಾಳೆ ನಮ್ಮ ಕೆಂಪಿ?" ಎಂದು ಕೇಳುತ್ತಿದ್ದರು. "ಫಳಫಳ ಅಂತಿದಾಳೆ ಮಾವ. ಮುಖ ನೋಡ್ಕೋಬಹುದು" ಎನ್ನುತ್ತಿದ್ದ ಇವನು. ಮೊದಲ ಸಲ ಅದು ಬಾಯಿತಪ್ಪಿ ಬಂದ ಮಾತು. ಆ ಮಾತಿಗೆ ಮಾವನ ಮುಖ ಅರಳಿದ್ದನ್ನು ಕಂಡ ಮೇಲೆ ನಿಜ ಹೇಳಲು ನಾಲಗೆ ಏಳಲಿಲ್ಲ.

ಫೋನ್ ಬಡಿದುಕೊಂಡಿತು. ಅಪ್ಪನ ಪೊರೆ ತೆಗೆಸಲು ಹೋಗಿದ್ದ ಹೆಂಡತಿ ಕಣ್ಣಾಸ್ಪತ್ರೆಯಿಂದ ಮಾತಾಡುತ್ತಿದ್ದಳು.

"ರೀ, ಪಟ್ಟಿ ಬಿಚ್ಚಿದ್ರು. ಅಪ್ಪ ಇಲ್ಲಿರೋ ಬೋರ್ಡನ್ನೆಲ್ಲ ಜೋರಾಗಿ ಓದಿ ನರ್ಸಮ್ಮನ ತಲೆ ತಿಂತಾ ಇದಾರೆ. ಇನ್ನೇನು ಟ್ಯಾಕ್ಸಿ ಹತ್ತಬೇಕು. ಇಳಿದ ತಕ್ಷಣ ಕೆಂಪೀನ ನೋಡ್ಬೇಕಂತೆ. ನಿಮ್ಮ ಫಳಫಳ ಎಲ್ಲಿಗೆ ಬಂತು?"

"ಕೈಗೆ ಬಂತು ಕಣೇ" ಎಂದು ಅಳಿಯ ಅಳುವ ದನಿಯಲ್ಲಿ ಹೇಳಿ ಫೋನಿಟ್ಟ. ಇನ್ನರ್ಧ ಉಜ್ಜಲು ಅವನಿಗೆ ಕೈ ಬರಲಿಲ್ಲ. ಬಿಡಲೂ ಮನಸ್ಸಿಲ್ಲ. ಏನು ಮಾಡಲೂ ತೋಚದೆ ಕಾರಿನ ಸುತ್ತ ಸುಮ್ಮನೆ ಸುತ್ತಿದ.

ಟ್ಯಾಕ್ಸಿ ಬಂದು ನಿಂತಿತು. ಕಪ್ಪು ಕನ್ನಡಕ ಹಾಕಿಕೊಂಡ ಮಾವ, ಹಿಡಿಯಲು ಬಂದ ಮಗಳ ಕೈಯನ್ನು ಬಿಡಿಸಿಕೊಂಡು ತಾವೇ ಇಳಿದರು. ಅಳಿಯ ಬಟ್ಟೆ ಹಿಡಿದ ಕೈಯನ್ನು ಹಿಂದಿಟ್ಟುಕೊಂಡು ಬಾನೆಟ್ಟಿಗೆ ಅಡ್ಡವಾಗಿ ನಿಂತ.

"ಬೆನ್ನ ಹಿಂದೆ ಏನು ಬಚ್ಚಿಟ್ಟಿದೀರಿ ಅಳಿಯಂದ್ರೇ? ಇನ್ಮೇಲೆ ನಂಗೆ ಕಾಣುತ್ತೆ, ನೆನಪಿರ್ಲಿ."

ಅಳಿಯ ಬಟ್ಟೆಯನ್ನು ಮುಂದೆ ಚಾಚಿದ. "ತಪ್ಪಾಯ್ತು ಮಾವ. ನೀವು ಹೊಡೆದ ಬಣ್ಣ ಎಲ್ಲ ಕಿತ್ಕೊಂಡು ಬಂತು."

ಮಾವ ಬಟ್ಟೆಯ ತುದಿಯನ್ನು ಬೆರಳುಗಳ ನಡುವೆ ತಿಕ್ಕಿದರು, ಮೂಗಿಗೆ ಹಿಡಿದರು. ಆಮೇಲೆ ಹೊಟ್ಟೆ ಕುಣಿಯುವಂತೆ ನಕ್ಕರು.

"ಇದು ಮೇಲಿನ ಸತ್ತ ಬಣ್ಣ ಕಣ್ರೀ! ಈಗಿನ ಕಾರುಗಳಿಗೆ ಬಣ್ಣದ ಮೇಲೆ ಗಾಜಿನಂಥದೊಂದು ಪದರ ಇರುತ್ತೆ, ಉಜ್ಜಿದ್ರೂ ಬಟ್ಟೆಗೆ ಹತ್ತಲ್ಲ. ನಾನು ಹೊಡೆದಿದ್ದು ಹಳೇ ಥರ, ಬರೀ ಬಣ್ಣ. ಬಿಸಿಲಿಗೆ ಪುಡಿಯಾಗಿದ್ದು ಬಂದೇ ಬರುತ್ತೆ. ಉಗುರು ಕತ್ತರಿಸಿದ್ರೆ ಬೆರಳೇ ಹೋಯ್ತು ಅಂತ ಅಳ್ತೀರೇನು?"

ಅಳಿಯನಿಗೆ ಹೋದ ಜೀವ ಬಂದಂತಾಯಿತು. ಅಷ್ಟು ಹೊತ್ತು ಬಿಗಿಹಿಡಿದಿದ್ದ ಉಸಿರನ್ನು ಬಿಟ್ಟು ಅವನೂ ನಕ್ಕ. ಮಾವ ಬಾಟಲಿಯನ್ನು ಎತ್ತಿ, ತೋಳು ನೀಳವಾಗಿ ಚಾಚಿ ಓದಿದರು.

"ತಿಕ್ಕೋದೂ ಇದೇ, ಕಾಪಾಡೋದೂ ಇದೇನಾ? ನಾವು ಅದಕ್ಕೊಂದು ಡಬ್ಬ, ಇದಕ್ಕೊಂದು ಡಬ್ಬ ಇಟ್ಕೊಂಡು ರಟ್ಟೆ ನೋಯಿಸ್ಕೋತಿದ್ವಿ. ಇದು ಥೇಟ್ ನಿಮ್ಮತ್ತೆ ಥರ. ಬೈಯೋದೂ ಅವಳೇ, ಬಡಿಸೋದೂ ಅವಳೇ."

ನಗುತ್ತಲೇ ಅಳಿಯ ಪಕ್ಕಕ್ಕೆ ಸರಿದುಬಿಟ್ಟ. ಸರಿದ ಮೇಲೆ ಮೈಮರೆತದ್ದು ಗೊತ್ತಾಯಿತು. ಬಾನೆಟ್ಟಿನ ನಟ್ಟನಡುವೆ ಗೆರೆ ಎಳೆದಂತಿತ್ತು. ಒಂದು ಕಡೆ ಕೆಂಪು ಹೊಳೆಯುತ್ತಿತ್ತು, ಇನ್ನೊಂದು ಕಡೆ ಬೂದಿ ಮುಚ್ಚಿದಂತೆ ಸತ್ತುಬಿದ್ದಿತ್ತು. ಮಾವ ಕಪ್ಪು ಕನ್ನಡಕವನ್ನು ಹಣೆಗೆ ಏರಿಸಿ ಆ ಕಡೆ ಈ ಕಡೆ ನೋಡಿದರು. ಮಗಳು ಕೆಮ್ಮಿ, ಔಷಧಿಯ ಚೀಲ ಹಿಡಿದು ಒಳಗೆ ಹೋದಳು.

"ಈ ಕಡೆಯದು ನೀವು ದಿನಾ ಹೇಳ್ತಿದ್ದ ಕಾರು. ಆ ಕಡೆಯದು ಯಾವುದು?"

"ಅದು... ಇದ್ದ ಕಾರು ಮಾವ" ಎಂದ ಅಳಿಯ ನೆಲ ನೋಡುತ್ತ. ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು. ಇನ್ನು ಮುಂದೆ ತನ್ನ ಯಾವ ಮಾತನ್ನೂ ಇವರು ನಂಬಲಾರರು ಎನಿಸಿತು.

"ಗೊತ್ತು ಬಿಡಿ" ಎಂದು ಮಾವ ತಮ್ಮ ಅಂಗೈ ತೋರಿಸಿದರು. "ಪೊರೆ ಬಂದಿದ್ದು ಕಣ್ಣಿಗೆ, ಕೈಗಲ್ಲ. ಬೆಳಿಗ್ಗೆ ನೀವು ಏಳೋಕೆ ಮುಂಚೆ ಬಂದು ಇವಳ ಮೈ ಸವರ್ತಿದ್ದೆ. ಅಂಗೈ ತುಂಬ ಪುಡಿ."

"ಗೊತ್ತಿದ್ದೂ ದಿನಾ ಯಾಕೆ ಕೇಳ್ತಿದ್ರಿ ಮಾವ?"

"ನೀವು ಹೇಳೋದು ಕೇಳೋಕೆ ಚೆನ್ನಾಗಿತ್ತು."

ಅಳಿಯ ಜಗಲಿಯಿಂದ ಮಾವನ ಕುರ್ಚಿ ತಂದಿಟ್ಟ. ಅಷ್ಟರಲ್ಲಿ ಒಳಗಿನಿಂದ, "ಅಪ್ಪಾ, ಬಗ್ಗಬಾರದು ಅಂದಿದಾರೆ ಡಾಕ್ಟ್ರು!" ಎಂದು ಮಗಳು ಕೂಗಿದಳು.

"ನಾನೆಲ್ಲಿ ಬಗ್ತೀನಿ, ಬಗ್ಗೋಕೆ ಅಳಿಯಂದ್ರಿದಾರೆ" ಎಂದ ಮಾವ ತಮ್ಮ ಕುರ್ಚಿಯನ್ನು ಬಾನೆಟ್ಟಿನ ಮಂಕು ಬದಿಗೆ ಎಳೆದುಕೊಂಡು ಕೂತರು. ಕೆಂಪಾದ ಬಟ್ಟೆಯ ಬಿಳಿ ಮಗ್ಗುಲು ಮೇಲೆ ಬರುವಂತೆ ಮಡಚಿ ಅವನ ಕೈಗಿತ್ತರು.

"ಬನ್ನಿ, ನೀವು ಹೇಳಿದ್ದರಲ್ಲಿ ಉಳಿದರ್ಧವನ್ನೂ ನಿಜ ಮಾಡೋಣ."