ಹನ್ನೆರಡನೇ ಅಂಗಡಿಯ ಸ್ವಿಚ್ಚು

ಬೆಳಗಿನಿಂದ ಹುಡುಕಿ ಬಂದ ಹನ್ನೆರಡನೇ ಅಂಗಡಿಯಲ್ಲಿ ರೇಡಿಯೋ ರಿಪೇರಿಯ ಅಜ್ಜ ಮುರಿದ ಸ್ವಿಚ್ಚನ್ನು ಕಣ್ಣ ಹತ್ತಿರ ಹಿಡಿದು ತಿರುಗಿಸುತ್ತಿದ್ದರೆ, ಆಸ್ಪತ್ರೆಯ ಮೆಕ್ಯಾನಿಕ್ ಹೆಂಗಸು ಅವರ ಕೈಯನ್ನೇ ನೋಡುತ್ತಾ ನಿಂತಿದ್ದಳು. ಹಸುಗೂಸುಗಳನ್ನು ಬೆಚ್ಚಗಿಡುವ ಪೆಟ್ಟಿಗೆಯ ಪ್ಯಾನೆಲ್ಲಿನ ಸ್ವಿಚ್ಚದು.

“ಇದನ್ನ ಮಾಡೋದೇ ನಿಲ್ಸಿದಾರಲ್ಲಮ್ಮಾ.”

“ಅವಳಿ ಮಕ್ಕಳು ಅಜ್ಜಾ. ಇರೋ ಇನ್ನೊಂದು ಪೆಟ್ಟಿಗೇಲೇ ಇಬ್ಬರನ್ನೂ ಮಲಗಿಸಿದ್ದಾರೆ.”

ಅಜ್ಜ, ರೇಡಿಯೋಗಳನ್ನು ಪರೀಕ್ಷಿಸಲು ತಾವು ದಿನವೂ ಬಳಸುವ ಹಳೆಯ ಟೆಸ್ಟಿಂಗ್ ಬೋರ್ಡಿನಿಂದ ಅಂಥದ್ದೇ ಸ್ವಿಚ್ಚೊಂದನ್ನು ಬಿಚ್ಚಿದರು.

“ಅಯ್ಯೋ, ನಿಮ್ಮ ಕೆಲಸ?”

“ರೇಡಿಯೋ ನಾಳೆ ಹಾಡಿದ್ರೂ ನಡೆಯುತ್ತೆ. ನೀನು ಓಡು ತಾಯಿ!”

ಸಂಜೆ ಅವಳು ಸ್ವಿಚ್ಚು ಒತ್ತಿದಾಗ ಪ್ಯಾನೆಲ್ಲಿನಲ್ಲಿ ಶಾಖ ತೋರಿಸುವ ಮುಳ್ಳು ಮೆಲ್ಲಗೆ ಮೇಲೇರಿತು. ಪೆಟ್ಟಿಗೆ ಬೆಚ್ಚಗಾದ ಮೇಲೆ ನರ್ಸಕ್ಕ ಒಂದು ಕೂಸನ್ನು ತಂದು ಅದರಲ್ಲಿ ಮಲಗಿಸಿದಳು. ಮೆಕ್ಯಾನಿಕ್ ಗೋಡೆಗೊರಗಿ ಕುಸಿದು ಕೂತು, ಬೆಳಗಿನಿಂದ ಮೊದಲ ಬಾರಿಗೆ ಒಂದು ಲೋಟ ನೀರು ಕೇಳಿದಳು.